ಸಾಮಿಲ್ಲಿನ ಮುಂದಿನ ದಾರಿ

ಮೊದಲ ಹುಡುಗಿ ಬಿದ್ದದ್ದು ಸಂಕ್ರಾಂತಿ ರಜೆ ಮುಗಿದ ಮೇಲಿನ ಒಂದು ಸೋಮವಾರ, ಬೆಳಗಿನ ಉಪ್ಪಿಟ್ಟಿನ ಸಾಲಿನಲ್ಲಿ. ತಟ್ಟೆ ನೆಲಕ್ಕೆ ಬಿದ್ದು ಉರುಳಿದ ಸದ್ದು ಕೇಳಿ ನಾನು ಉಗ್ರಾಣದಿಂದ ಹೊರಗೆ ಬಂದೆ. ಅವಳು ಗೋಡೆಗೆ ಒರಗಿದಂತೆ ಕುಸಿದು ಪಕ್ಕಕ್ಕೆ ಮಗುಚಿಕೊಂಡಿದ್ದಳು. ಕಣ್ಣು ಅರ್ಧ ತೆರೆದಿತ್ತು, ಹಲ್ಲು ಕಚ್ಚಿಕೊಂಡಿತ್ತು, ಎರಡೂ ಕೈಯ ಮುಷ್ಟಿ ಬಿಗಿದಿತ್ತು. ನೀರು ಚಿಮುಕಿಸಿದೆವು, ಈರುಳ್ಳಿ ಹಿಚುಕಿ ಮೂಗಿಗೆ ಹಿಡಿದೆವು. ಎಚ್ಚರವಾಗದೆ ಹೋದಾಗ ಆಟೋ ಹಿಡಿದು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಗ್ಲೂಕೋಸ್ ಹಾಕಿದರು. ರಕ್ತ ಕಡಿಮೆ ಇದೆ, ಸೊಪ್ಪು ತರಕಾರಿ ಚೆನ್ನಾಗಿ ಕೊಡಿ ಎಂದರು. ಮಧ್ಯಾಹ್ನದ ಹೊತ್ತಿಗೆ ಅವಳು ನನ್ನ ಪಕ್ಕದಲ್ಲಿ ನಡೆದುಕೊಂಡೇ ಹಾಸ್ಟೆಲ್ಲಿಗೆ ವಾಪಸು ಬಂದಳು.

ಆಗ ನಾನು ನಂಜನಗೂಡಿನ ಒಂದು ಸರ್ಕಾರಿ ಬಾಲಕಿಯರ ಹಾಸ್ಟೆಲ್ಲಿನ ವಾರ್ಡನ್. ಎಂಟರಿಂದ ಹತ್ತನೇ ತರಗತಿಯವರೆಗಿನ ಮಕ್ಕಳು. ಹುಲ್ಲಹಳ್ಳಿ, ಕಳಲೆ, ಬದನವಾಳು ಸುತ್ತಿನ ಹಳ್ಳಿಗಳವರು. ಅಪ್ಪ ಅಮ್ಮ ಕೂಲಿಯವರು, ಇಲ್ಲವೆ ಒಂದು ಎಕರೆ ಅರೆ ಎಕರೆಯವರು. ಅದು ಯಾರ ಮಕ್ಕಳ ಹಾಸ್ಟೆಲ್ ಎಂಬುದು ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಕಟ್ಟಡ ಬಾಡಿಗೆಯದು. ಹಿಂದೆ ಒಂದು ಹಾಳು ಬಾವಿ, ಮುಂದೆ ಕಲ್ಲು ಹಾಸಿದ ಅಂಗಳ. ನನ್ನ ಮನೆ ತಿ. ನರಸೀಪುರದಲ್ಲಿ. ಶನಿವಾರ ಸಂಜೆಯ ಬಸ್ಸಿಗೆ ಹೋಗಿ ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದೆ. ಅಲ್ಲಿ ಅತ್ತೆಯವರ ಹತ್ತಿರ ನನ್ನ ಮಗಳು ಇದ್ದಳು, ಒಂಬತ್ತನೇ ತರಗತಿ.

ಮೊದಲು ಬಿದ್ದ ಹುಡುಗಿಯ ಹೆಸರು ಇಲ್ಲಿ ಬೇಡ. ಹಾಸ್ಟೆಲ್ಲಿನಲ್ಲಿ ಅವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಹತ್ತನೇ ತರಗತಿ. ಹುಲ್ಲಹಳ್ಳಿ ಆಚೆಯ ಒಂದು ಹಳ್ಳಿಯವಳು. ಎತ್ತರದ ಹುಡುಗಿ, ಕಡಿಮೆ ಮಾತು. ಎಂಟನೇ ತರಗತಿಯ ಮಕ್ಕಳಿಗೆ ಜಡೆ ಹಾಕುವುದು, ಮುಟ್ಟಾದವರಿಗೆ ಬಟ್ಟೆ ಹೊಂದಿಸುವುದು, ಮನೆ ನೆನೆದು ಅಳುವವರನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವುದು, ಎಲ್ಲ ಅವಳೇ. ನಾನು ಹೇಳಿದ್ದಲ್ಲ, ತಾನಾಗಿ ಮಾಡುತ್ತಿದ್ದಳು.

ಮಾರನೆಯ ದಿನ ಬೆಳಿಗ್ಗೆ ಇಬ್ಬರು ಬಿದ್ದರು. ಅದರ ಮಾರನೆಯ ದಿನ ಹಾಸ್ಟೆಲ್ಲಿನ ಪ್ರಾರ್ಥನೆಗೆ ನಿಂತಾಗ ಒಬ್ಬಳು ಬಿದ್ದಳು, ಅವಳನ್ನು ಎತ್ತುವುದಕ್ಕೆ ಬಗ್ಗಿದವಳೂ ಬಿದ್ದಳು. ವಾರ ಮುಗಿಯುವ ಹೊತ್ತಿಗೆ ಹತ್ತಕ್ಕೂ ಹೆಚ್ಚು ಮಕ್ಕಳು ಬಿದ್ದಿದ್ದರು. ಯಾರಿಗೂ ನೊರೆ ಬರಲಿಲ್ಲ, ನಾಲಿಗೆ ಕಚ್ಚಿಕೊಳ್ಳಲಿಲ್ಲ. ಕೆಲವರು ಏದುಸಿರು ಬಿಡುತ್ತಿದ್ದರು, ಕೆಲವರು ಸುಮ್ಮನೆ ಸೆಟೆದುಕೊಂಡಿರುತ್ತಿದ್ದರು. ಅರ್ಧ ಗಂಟೆ, ಒಂದು ಗಂಟೆಯಾದ ಮೇಲೆ ಎದ್ದು ಕೂತು ನೀರು ಕೇಳುತ್ತಿದ್ದರು. ಆಸ್ಪತ್ರೆಯ ನರ್ಸು ನನ್ನನ್ನು ಕಂಡ ಕೂಡಲೆ, "ಇವತ್ತು ಎಷ್ಟು ಜನ ಮೇಡಂ?" ಎಂದು ಕೇಳುವಂತಾಯಿತು.

ನಮ್ಮ ಅಡುಗೆಯಮ್ಮ ವಯಸ್ಸಾದವರು. ಒಲೆಯ ಮುಂದೆ ಕೂತು ನನಗೆ ಮಾತ್ರ ಕೇಳುವಂತೆ ಹೇಳಿದರು. "ಗಾಳಿ ಸೋಕೈತೆ ಕಣವ್ವ. ಇಂದ್ಗಡೆ ಬಾವಿ ಸುಮ್ಕಿರೋದಲ್ಲ. ಯಾವ್ದೋ ಎಣ್ಣು ಬಿದ್ದು ಸತ್ತಿತ್ತಂತೆ."

"ಯಾರು ಹೇಳಿದ್ದು?"

"ಯಾರಾನ ಏಳ್ಬೇಕಾ? ಐಕ್ಳೇ ಮಾತಾಡ್ಕತವೆ."

ಮಕ್ಕಳು ಬಾವಿಯ ಕಡೆ ಹೋಗುವುದನ್ನೇ ಬಿಟ್ಟರು. ಶೌಚಾಲಯ ಆ ಕಡೆಗೇ ಇದ್ದದ್ದರಿಂದ ನಾಲ್ಕೈದು ಜನ ಕೈ ಹಿಡಿದುಕೊಂಡು ಹೋಗತೊಡಗಿದರು. ಯಾರೋ ಒಬ್ಬರ ಅಪ್ಪ ಒಬ್ಬ ಮಂತ್ರ ಹಾಕುವವನನ್ನು ಕರೆದುಕೊಂಡು ಬಂದ. ಅವನು ನನ್ನ ಅಪ್ಪಣೆ ಕೇಳದೆ ಬಾಗಿಲಿಗೆ ನಿಂಬೆಹಣ್ಣು, ಬೇವಿನ ಸೊಪ್ಪು ಕಟ್ಟಿದ. ಬಿಚ್ಚಿಸಿದರೆ ಮಕ್ಕಳು ಹೆದರುತ್ತಾರೆ, ಬಿಟ್ಟರೆ ಗಾಳಿ ಇದೆ ಎಂದು ನಾನೇ ಒಪ್ಪಿಕೊಂಡಂತೆ. ಬಿಟ್ಟೆ. ಮಾರನೆಯ ದಿನವೂ ಮೂವರು ಬಿದ್ದರು.

ಅಷ್ಟರಲ್ಲಿ ಸುದ್ದಿ ಹರಡಿತ್ತು. ಊಟದಲ್ಲಿ ವಿಷ ಎಂದರು. ಹೆಲ್ತ್ ಇನ್‌ಸ್ಪೆಕ್ಟರ್ ಬಂದು ಅಕ್ಕಿ, ಬೇಳೆ, ಎಣ್ಣೆ, ತೊಟ್ಟಿಯ ನೀರು ಎಲ್ಲದರ ಮಾದರಿ ತೆಗೆದುಕೊಂಡು ಹೋದರು. ಏನೂ ಸಿಗಲಿಲ್ಲ. ಒಬ್ಬ ವರದಿಗಾರ ಅಂಗಳದಲ್ಲಿ ನಿಂತು ಮಕ್ಕಳನ್ನೇ ಮಾತಾಡಿಸಿ ಹೋದ. ಅಪ್ಪಂದಿರು, ಮಾವಂದಿರು ಬಂದು ಟ್ರಂಕು ಎತ್ತಿಕೊಂಡು ಮಕ್ಕಳನ್ನು ಕರೆದೊಯ್ಯಲು ಶುರು ಮಾಡಿದರು. ಪ್ರತಿಯೊಬ್ಬರ ಹತ್ತಿರವೂ ನಾನು ಅದೇ ಮಾತು ಹೇಳುತ್ತಿದ್ದೆ: ಹತ್ತಿರದಲ್ಲೇ ಪರೀಕ್ಷೆ ಇದೆ, ಒಂದು ವಾರ ಬಿಟ್ಟು ಕಳಿಸಿಕೊಡಿ. ಅವರು ತಲೆ ಆಡಿಸುತ್ತಿದ್ದರು. ಹೀಗೆ ಹೋದ ಮಕ್ಕಳಲ್ಲಿ ಎಷ್ಟು ಜನ ತಿರುಗಿ ಬರುತ್ತಾರೆ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಸರ್ಕಾರಿ ಆಸ್ಪತ್ರೆಯ ವೈದ್ಯರೇ ಕೊನೆಗೆ, ಮೈಸೂರಿಗೆ ಹೋಗಿ ಮಾನಸಿಕ ರೋಗದ ತಜ್ಞರನ್ನು ಕಾಣಿ ಎಂದರು. ಅಕ್ಕನನ್ನೂ ಇನ್ನೊಬ್ಬಳನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಅಲ್ಲಿದ್ದ ವೈದ್ಯೆ ನಡುವಯಸ್ಸಿನ ಹೆಂಗಸು. ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು ಬಹಳ ಹೊತ್ತು ಮಾತಾಡಿಸಿದರು. ಆಮೇಲೆ ನನ್ನನ್ನು ಕರೆದರು.

"ನಾಟಕ ಮಾಡ್ತಿದಾರೆ ಅಂತ ನಿಮಗೆ ಅನ್ನಿಸಿದೆಯಾ?" ಎಂದು ಕೇಳಿದರು.

"ಒಂದೆರಡು ಸಲ ಅನ್ನಿಸಿದೆ" ಎಂದೆ.

"ನಾಟಕ ಅಲ್ಲ. ಬೀಳಬೇಕು ಅಂತ ಬೀಳ್ತಿಲ್ಲ. ಹಾಗಂತ ಮಿದುಳಿನ ಕಾಯಿಲೆಯೂ ಅಲ್ಲ. ಯಾವುದೋ ಭಯ ಮೈಗೆ ಇಳಿದಿದೆ, ಒಬ್ಬರನ್ನ ನೋಡಿ ಇನ್ನೊಬ್ಬರಿಗೆ ಬರ್ತಾ ಇದೆ. ಮೊದಲು ಆಟೋ, ಗ್ಲೂಕೋಸ್, ಸೂಜಿ ನಿಲ್ಲಿಸಿ. ಬಿದ್ದವರ ಸುತ್ತ ಗುಂಪು ಸೇರೋಕೆ ಬಿಡಬೇಡಿ. ಒಬ್ಬರು ಪಕ್ಕದಲ್ಲಿ ಕೂತರೆ ಸಾಕು. ಉಳಿದವರು ಅವರ ಕೆಲಸ ಮಾಡ್ತಾ ಇರಲಿ." ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು. "ಯಾವ ಹೊತ್ತಿನಲ್ಲಿ ಬೀಳ್ತಾರೆ?"

"ಬೆಳಿಗ್ಗೆ."

"ಯಾವಾಗಲೂ ಬೆಳಿಗ್ಗೇನೇ?"

ನಾನು ಯೋಚಿಸಿ ಹೌದು ಎಂದೆ. ಭಾನುವಾರ ಹೇಗೆ ಎಂದು ಕೇಳಿದರು. ಗೊತ್ತಿರಲಿಲ್ಲ, ಭಾನುವಾರ ನಾನು ಮನೆಯಲ್ಲಿರುತ್ತಿದ್ದೆ. "ನೋಡಿ ಹೇಳಿ" ಎಂದರು. ಹುಡುಗಿಯರು ಅವರ ಹತ್ತಿರ ಏನೂ ಬಾಯಿ ಬಿಟ್ಟಿರಲಿಲ್ಲ.

ಆ ವಾರ ಮನೆಗೆ ಹೋದರೂ ಹೋದಂತಿರಲಿಲ್ಲ. ಮಗಳು ತಟ್ಟೆ ಮುಂದೆ ಕೂತು ಶಾಲೆಯ ಏನನ್ನೋ ಹೇಳುತ್ತಿದ್ದಳು, ನಾನು ಹೂಂಗುಟ್ಟುತ್ತಿದ್ದೆ. ಅವಳು ಅರ್ಧಕ್ಕೇ ನಿಲ್ಲಿಸಿದಳು. "ಅಮ್ಮ, ನೀನು ನಾಳೆ ಹೋಗೋಳು ಇವತ್ತೇ ಹೋಗ್ಬಿಟ್ಟಿದೀಯ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಬೆಳಗಿನ ಬಸ್ಸಿನಲ್ಲಿ ಕಂಬಿಗೆ ತಲೆ ಆನಿಸಿಕೊಂಡು ನಂಜನಗೂಡಿನ ತನಕ ನಿದ್ದೆ ಮಾಡಿದೆ. ಹಾಸ್ಟೆಲ್ಲಿನ ಬಾಗಿಲಲ್ಲೇ ಅಡುಗೆಯಮ್ಮನನ್ನು ಕೇಳಿದೆ.

"ನಿನ್ನೆ ಯಾರಾದರೂ ಬಿದ್ದರಾ?"

"ಇಲ್ಲ ಕಣವ್ವ. ಬಟ್ಟೆ ಒಕ್ಕಂಡು ನೆಟ್ಗಿದ್ದೋ. ಓದ ಭಾನ್ವಾರನೂ ಇಂಗೇಯ."

ಭಾನುವಾರ ಬಾವಿ ಅಲ್ಲೇ ಇತ್ತು, ನೀರು ಅದೇ ಇತ್ತು, ಅಕ್ಕಿಯೂ ಅದೇ. ಶಾಲೆ ಮಾತ್ರ ಇರಲಿಲ್ಲ.

ಶಾಲೆಯಲ್ಲೇನಾದರೂ ಇದೆಯೇ ಎಂದು ವಿಚಾರಿಸಬೇಕು ಎಂದುಕೊಳ್ಳುವಷ್ಟರಲ್ಲಿ ಇನ್ನೊಂದು ಪೆಟ್ಟು ಬಿತ್ತು. ವೈದ್ಯೆ ಹೇಳಿದಂತೆ ನಾನು ಕಟ್ಟುನಿಟ್ಟು ಮಾಡಿದ್ದೆ. ಯಾರು ಬಿದ್ದರೂ ಓಡಬಾರದು, ನಾನು ಅಥವಾ ಅಡುಗೆಯಮ್ಮ ಹೋಗುತ್ತೇವೆ ಎಂದು. ಎರಡು ದಿನ ಅದು ಕೆಲಸ ಮಾಡಿತು, ಬೀಳುವವರು ಕಡಿಮೆಯಾದರು. ಮೂರನೆಯ ದಿನ ಕಳಲೆ ಕಡೆಯ ಒಂದು ಚಿಕ್ಕ ಹುಡುಗಿ ನೀರಿನ ತೊಟ್ಟಿಯ ಹತ್ತಿರ ಬಿದ್ದಳು. ಅವಳಿಗೆ ನಿಜಕ್ಕೂ ಜ್ವರವಿತ್ತು. ತೊಟ್ಟಿಯ ಕಲ್ಲಂಚು ಹಣೆಗೆ ಬಡಿದು ರಕ್ತ ಹರಿಯಿತು. ನನ್ನ ಮಾತು ಕೇಳಿ ಮಕ್ಕಳು ಓಡಲಿಲ್ಲ, ಹಲ್ಲುಜ್ಜುತ್ತಾ ನೋಡುತ್ತಾ ನಿಂತಿದ್ದರು. ನಾನು ಅಡುಗೆಮನೆಯಿಂದ ಬರುವ ಹೊತ್ತಿಗೆ ಅವಳ ಲಂಗವೆಲ್ಲ ಕೆಂಪಾಗಿತ್ತು. ಹೊಲಿಗೆ ಹಾಕಿಸಿ ತಂದೆ. ಸಂಜೆ ಅವಳ ಚಿಕ್ಕಪ್ಪ ಬಂದು ಅಂಗಳದಲ್ಲಿ ನಿಂತು ಬೈದ. ನಿಮ್ಮ ಮಗಳಾಗಿದ್ದರೆ ಹೀಗೆ ಬಿಡುತ್ತಿದ್ದಿರಾ ಎಂದು ಕೇಳಿದ. ಅವನ ಕಡೆ ನ್ಯಾಯ ಇತ್ತು.

ಮರುದಿನ ನಮ್ಮ ಇಲಾಖೆಯ ತಾಲ್ಲೂಕು ಅಧಿಕಾರಿ ಕರೆಸಿದರು. "ಇನ್ನು ರಿಸ್ಕ್ ಬೇಡ ಮೇಡಂ. ಹಾಸ್ಟೆಲ್ ಕ್ಲೋಸ್ ಮಾಡೋಣ. ಪರೀಕ್ಷೆ ದಿನ ಮಕ್ಕಳು ಊರಿಂದಲೇ ಬಂದು ಬರೀಲಿ" ಎಂದರು.

"ಬರೋದಿಲ್ಲ ಸಾರ್. ಕಬ್ಬು ಕಡಿಯೋ ಕಾಲ. ಈಗ ಮನೆಗೆ ಹೋದ್ರೆ ಅವರನ್ನ ಕೆಲಸಕ್ಕೆ ಕಳಿಸ್ತಾರೆ, ಇಲ್ಲ ಮದುವೆ ಮಾಡ್ತಾರೆ."

"ಅದಕ್ಕೆ ನಾವೇನು ಮಾಡೋಕಾಗುತ್ತೆ?"

ಒಂದು ವಾರ ಸಮಯ ಕೇಳಿದೆ. ಅವರು ಕಿಟಕಿಯ ಕಡೆ ನೋಡಿದರು. "ಒಂದೇ ವಾರ. ಇನ್ನೊಂದು ಮಗುಗೆ ಪೆಟ್ಟಾದ್ರೆ ನಾನು ನಿಮ್ಮ ಪರ ನಿಲ್ಲಲ್ಲ" ಎಂದರು.

ಅದರ ಮಾರನೆಯ ಬೆಳಿಗ್ಗೆ ನಾನು ಮಕ್ಕಳ ಜೊತೆ ಶಾಲೆಗೆ ನಡೆದೆ. ಅದು ನನ್ನ ಕೆಲಸವಾಗಿರಲಿಲ್ಲ. ಆ ಹೊತ್ತಿನಲ್ಲಿ ಮಧ್ಯಾಹ್ನದ ಅಡುಗೆಗೆ ಸಾಮಾನು ತೆಗೆದುಕೊಡುವುದು, ಹಾಲು ತರಕಾರಿಯವರಿಗೆ ಉತ್ತರ ಹೇಳುವುದು ಇರುತ್ತಿತ್ತು. ಹಾಸ್ಟೆಲ್ಲಿನಿಂದ ಹೈಸ್ಕೂಲಿಗೆ ಅರ್ಧ ಗಂಟೆಯ ದಾರಿ. ಮಕ್ಕಳು ಮೊದಲು ಎಂದಿನಂತೆ ಇಬ್ಬಿಬ್ಬರಾಗಿ ಹರಟುತ್ತಾ ಹೋಗುತ್ತಿದ್ದರು. ಅಂಗಡಿಗಳ ಸಾಲು ಮುಗಿದು, ಮರ ಕೊಯ್ಯುವ ಸಾಮಿಲ್ಲಿನ ಬೀದಿಗೆ ತಿರುಗುವ ಹೊತ್ತಿಗೆ ಮಾತು ನಿಂತಿತು. ಯಾರೂ ಏನೂ ಹೇಳಲಿಲ್ಲ, ಆದರೆ ಸಾಲು ಬದಲಾಯಿತು. ಚಿಕ್ಕವರು ಗೋಡೆಯ ಕಡೆಗೆ ಸರಿದರು. ಹತ್ತನೆಯವರು ರಸ್ತೆಯ ಕಡೆಗೆ ಬಂದರು. ಅಕ್ಕ ಎಲ್ಲರಿಗಿಂತ ಮುಂದೆ, ಸಾಮಿಲ್ಲಿನ ಪಕ್ಕಕ್ಕೆ ಹೋದಳು. ಎಲ್ಲರ ಕಣ್ಣೂ ನೆಲದ ಮೇಲಿತ್ತು, ಹೆಜ್ಜೆ ಬಿರುಸಾಯಿತು. ಎಷ್ಟೋ ದಿನದಿಂದ ಮಾಡಿ ರೂಢಿಯಾದವರು ಮಾಡುವಂತೆ ಮಾಡಿದರು.

ಸಾಮಿಲ್ಲಿನ ಮುಂದೆ ಪೇರಿಸಿದ ಮರದ ದಿಮ್ಮಿಗಳ ಮೇಲೆ ನಾಲ್ಕೈದು ಜನ ಹುಡುಗರು ಕೂತಿದ್ದರು. ಒಂದು ಮೋಟಾರ್ ಸೈಕಲ್ ಅಡ್ಡ ನಿಂತಿತ್ತು. ನನ್ನನ್ನು ನೋಡಿ ಒಬ್ಬ ಎದ್ದು, ನಗುತ್ತಾ, "ನಮಸ್ಕಾರ ಮೇಡಂ" ಎಂದ. ನಮ್ಮ ಹಾಸ್ಟೆಲ್ ಕಟ್ಟಡದ ಮಾಲೀಕರ ಮಗ. ಆ ಸಾಮಿಲ್ಲೂ ಅವರದೇ. ಆ ಬೆಳಿಗ್ಗೆ ಅಷ್ಟೇ ನಡೆದದ್ದು. ಮಕ್ಕಳಲ್ಲಿ ಯಾರೂ ಬೀಳಲಿಲ್ಲ.

ಸಂಜೆ ಅಕ್ಕ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಬ್ಬಳೇ ಇದ್ದಾಗ ಹೋಗಿ ಕೂತೆ. ಒಂದು ಕೊಡ ನೀರು ತುಂಬಿಕೊಟ್ಟೆ. ನೇರವಾಗಿ ಕೇಳಲಿಲ್ಲ. "ಚಿಕ್ಕವರು ಯಾಕೆ ಗೋಡೆ ಕಡೆ ನಡೀತಾರೆ?" ಎಂದೆ.

ಅವಳು ಬಟ್ಟೆ ಕುಕ್ಕುವುದನ್ನು ನಿಲ್ಲಿಸಲಿಲ್ಲ. "ನಾನೇ ಏಳಿವ್ನಿ ಮೇಡಂ."

"ಯಾವಾಗಿಂದ?"

"ದಸರಾ ಆದ್ಮೇಲಿಂದ."

ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೇಳಿದಳು. ಮೊದಲು ಕೂಗುತ್ತಿದ್ದರಂತೆ, ಬಿಟ್ಟಿ ಊಟದವರು ಬಂದರು ಎಂದು. ಆಮೇಲೆ ಎಲ್ಲರ ಹೆಸರೂ ಕಲಿತುಕೊಂಡರು. ದಿನಕ್ಕೊಬ್ಬಳ ಹೆಸರು ಹಿಡಿದು, ಇವತ್ತು ನೀನು ನಿಂತು ಮಾತಾಡಿ ಹೋಗು ಎನ್ನುತ್ತಿದ್ದರು. ನಿಲ್ಲದಿದ್ದರೆ ಗಾಡಿ ಅಡ್ಡ ಹಾಕುತ್ತಿದ್ದರು. ಚಿಕ್ಕವರ ಹೆಸರು ಬಂದ ದಿನ ಅವಳೇ ನಿಲ್ಲುತ್ತಿದ್ದಳು. ಬೈಸಿಕೊಂಡು, ಗೇಲಿ ಮಾಡಿಸಿಕೊಂಡು, ಉಳಿದವರು ದಾಟಿದ ಮೇಲೆ ಹೋಗುತ್ತಿದ್ದಳು. ಸಂಕ್ರಾಂತಿ ರಜೆ ಮುಗಿದ ಮೊದಲ ವಾರ ಮಾಲೀಕರ ಮಗ ಅವಳ ಕೈ ಹಿಡಿದು ಶೆಡ್ಡಿನ ಒಳಕ್ಕೆ ಎಳೆದಿದ್ದ.

"ಕಚ್ಚಿ ಬುಡುಸ್ಕಂಡು ಬಂದೆ ಮೇಡಂ. ಇನ್ನೇನೂ ಆಗ್ಲಿಲ್ಲ. ಬರೋವಾಗ, ಸೋಮ್ವಾರ ನೋಡ್ಕತೀನಿ ಅಂದ." ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿದಳು. "ಆ ಸೋಮ್ವಾರನೇ ನಾನು ಬಿದ್ದೋದ್ದು."

"ನನಗೆ ಯಾಕೆ ಹೇಳಲಿಲ್ಲ?"

"ನೀವು ನಮ್ಮಪ್ಪಂಗೆ ಏಳ್ಬುಡ್ತಿದ್ರಿ. ಅಪ್ಪ ಸ್ಕೂಲ್ ಬುಡುಸ್ಬುಡ್ತಿತ್ತು. ನನ್ನೊಬ್ಳದೇ ಅಲ್ಲ, ಎಲ್ರುದೂ."

ಆ ಮಾತು ಸುಳ್ಳಲ್ಲ. ನನಗಿದ್ದ ದಾರಿಗಳನ್ನೆಲ್ಲ ಒಂದೊಂದಾಗಿ ತಿರುಗಿ ನೋಡಿದೆ. ಶಾಲೆಯ ಹೆಡ್‌ಮಾಸ್ಟರು, "ಕಾಂಪೌಂಡಿನ ಒಳಗೆ ಆಗಿದ್ರೆ ನಾನು ನೋಡ್ತಿದ್ದೆ" ಎಂದರು. ಪೊಲೀಸ್ ಠಾಣೆಯ ಸಬ್ ಇನ್‌ಸ್ಪೆಕ್ಟರು ಕೆಟ್ಟವರೇನಲ್ಲ. ಕುರ್ಚಿ ಕೊಟ್ಟು ಕೂರಿಸಿ ಕೇಳಿದರು. ಹುಡುಗಿಯ ಹೇಳಿಕೆ ಬೇಕು, ತಂದೆ ತಾಯಿಯ ಸಹಿ ಬೇಕು, ಅಷ್ಟಾದರೆ ಕೇಸು ಹಾಕುತ್ತೇನೆ, ಇಲ್ಲದಿದ್ದರೆ ಕರೆದು ಎಚ್ಚರಿಕೆ ಕೊಡಬಹುದು ಎಂದರು. ಎಚ್ಚರಿಕೆಯನ್ನಾದರೂ ಕೊಡಿ ಎಂದೆ. ಕೊಟ್ಟರು. ಹುಡುಗರು ಎರಡು ದಿನ ಕಾಣಲಿಲ್ಲ, ಮೂರನೆಯ ದಿನ ಬೀದಿಯ ಇನ್ನೊಂದು ತುದಿಯಲ್ಲಿದ್ದರು. ದಾರಿ ಬದಲಾಯಿಸೋಣವೆಂದರೆ ಇನ್ನೊಂದು ದಾರಿ ರೈಲು ಹಳಿ ದಾಟಿ ಸುತ್ತಿಕೊಂಡು ಹೋಗಬೇಕು, ಅಲ್ಲಿ ಜನಸಂಚಾರವೇ ಇಲ್ಲ. ನಾನೇ ದಿನಾ ನಡೆಯಬಹುದು, ಆದರೆ ಎಷ್ಟು ದಿನ? ನನ್ನನ್ನು ಬೇರೆ ಕಡೆ ಹಾಕಿದ ಮಾರನೆಯ ದಿನ ಎಲ್ಲ ಮೊದಲಿನಂತೆಯೇ.

ಕೊನೆಗೆ ತೀರ್ಮಾನ ಮಾಡಿದೆ. ಮನೆಯವರಿಗೆ ಹೇಳುವುದು, ಆದರೆ ಅಪ್ಪಂದಿರನ್ನಲ್ಲ, ಅಮ್ಮಂದಿರನ್ನು ಕರೆದು ಹೇಳುವುದು. ಅಕ್ಕನಿಗೆ ಮೊದಲೇ ತಿಳಿಸಿದೆ. "ನಿನ್ನ ಹೆಸರು ಹೇಳೋದಿಲ್ಲ. ಎಲ್ಲರಿಗೂ ಆಗ್ತಿದೆ ಅಂತ ಹೇಳ್ತೀನಿ" ಎಂದೆ. ಅವಳು, "ಮುಚ್ಚೋದ್ಕಿಂತ ಅದೇ ವಾಸಿ" ಎಂದಳು.

ಬಸ್ಸಿನಲ್ಲಿ, ಹಾಲಿನ ಗಾಡಿಯಲ್ಲಿ, ಸಂತೆಗೆ ಬಂದವರ ಕೈಯಲ್ಲಿ ಹೇಳಿಕಳಿಸಿದೆ. ಆ ಭಾನುವಾರ ನಾನು ಮನೆಗೆ ಹೋಗಲಿಲ್ಲ. ಇಪ್ಪತ್ತರ ಮೇಲೆ ಹೆಂಗಸರು ಬಂದರು. ಕೆಲವರು ಕಂಕುಳಲ್ಲಿ ಕೂಸು ಎತ್ತಿಕೊಂಡು, ಕೆಲವರು ಕೆಲಸಕ್ಕೆ ಉಡುವ ಸೀರೆಯಲ್ಲೇ. ಊಟದ ಹಾಲಿನಲ್ಲಿ ಚಾಪೆ ಹಾಕಿ ಕೂರಿಸಿ ನಡೆದದ್ದನ್ನು ಹೇಳಿದೆ. ಬಾವಿಯಲ್ಲಿ ಏನೂ ಇಲ್ಲ, ಊಟದಲ್ಲಿ ಏನೂ ಇಲ್ಲ, ನಿಮ್ಮ ಮಕ್ಕಳು ದಿನಾ ಬೆಳಿಗ್ಗೆ ಆ ಬೀದಿಗೆ ಹೆದರಿ ಬೀಳುತ್ತಿದ್ದಾರೆ ಎಂದೆ. ಒಬ್ಬಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇನ್ನೊಬ್ಬಾಕೆ ಎದ್ದು, ಈಗಲೇ ಮಗಳನ್ನು ಕರೆದೊಯ್ಯುತ್ತೇನೆ ಎಂದಳು. ಒಬ್ಬರ ಮಾತಿನ ಮೇಲೆ ಒಬ್ಬರು ಮಾತಾಡತೊಡಗಿದರು. ಬದನವಾಳು ಕಡೆಯಿಂದ ಬಂದಿದ್ದ ಒಬ್ಬಾಕೆ, ತನ್ನ ಊರಿನ ಸ್ತ್ರೀಶಕ್ತಿ ಸಂಘದವಳು, ಎಲ್ಲ ಸುಮ್ಮನಾಗುವ ತನಕ ಕಾದಳು.

"ಈಗ ಕರ್ಕೊಂಡೋದ್ರೆ ಗೆದ್ದೋರು ಯಾರು?" ಎಂದಳು. "ಬೇಲಿ ಮುಳ್ಳು ಚುಚ್ತದೆ ಅಂತ ಒಲಕ್ಕೆ ಓಗೋದ್ ಬುಟ್ಟಿದ್ದೀವಾ? ಮೇಡಮ್ಮಾವ್ರೇ, ನಾವೇನ್ ಮಾಡ್ಬೇಕು ಏಳಿ."

"ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ದಿನಾ ನಿಮ್ಮಲ್ಲಿ ಇಬ್ಬರು ನಮ್ಮ ಮಕ್ಕಳ ಜೊತೆ ನಡೀಬೇಕು. ಪರೀಕ್ಷೆ ಮುಗಿಯೋ ತನಕ. ನಾನೂ ಬರ್ತೀನಿ" ಎಂದೆ. ಕೇಳುವಾಗ ನನಗೇ ಸಂಕೋಚವಾಯಿತು. ಅವರಿಗೆ ಅದು ಒಂದು ದಿನದ ಕೂಲಿ.

ಸಾಧ್ಯವಿಲ್ಲ ಎಂದವರೂ ಇದ್ದರು. ನಾಲ್ಕು ಜನ ಆವತ್ತೇ ಮಕ್ಕಳನ್ನು ಕರೆದುಕೊಂಡು ಹೋದರು, ನಾನು ತಡೆಯಲಿಲ್ಲ. ಉಳಿದವರು ಊರಿನ ಪ್ರಕಾರ ಸರದಿ ಮಾಡಿಕೊಂಡರು.

ಅಕ್ಕನ ಅಮ್ಮ ಆವತ್ತು ಬಂದಿರಲಿಲ್ಲ. ಎರಡು ದಿನ ಬಿಟ್ಟು ಅಪ್ಪನೇ ಬಂದ. ಊರಿನಲ್ಲಿ ಸುದ್ದಿ ಮುಟ್ಟಿತ್ತು, ನಾನು ಹೇಳದೆ ಬಿಟ್ಟಿದ್ದ ಹೆಸರೂ ಮುಟ್ಟಿತ್ತು. ಸಣಕಲು ಮನುಷ್ಯ, ಗದ್ದೆ ಕೆಲಸದಿಂದ ಕಾಲಿನ ಬೆರಳು ಸೀಳಿತ್ತು. ಕುರ್ಚಿ ಕೊಟ್ಟರೆ ಕೂರಲಿಲ್ಲ, ಬಾಗಿಲ ಹತ್ತಿರ ನಿಂತೇ ಮಾತಾಡಿದ.

"ಮಗೀನ ಕಳುಸ್ಕೊಡಿ ಅಮ್ಮಾವ್ರೇ."

ಪರೀಕ್ಷೆಯ ಮಾತು ಹೇಳಿದೆ. ಹೆಂಗಸರು ಜೊತೆಗೆ ನಡೆಯುವುದನ್ನು ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದ. "ನೀವು ಒಳ್ಳೇದ್ಕೇ ಏಳ್ತಿದ್ದೀರಿ. ಆದ್ರೆ ನಾಳಿಕ್ಕೆ ಏನಾರ ಎಚ್ಚುಕಮ್ಮಿ ಆದ್ರೆ ನಾನು ಯಾರ್ ಮುಂದ್ಕೆ ಓಗ್ಲಿ? ಅವ್ರು ದುಡ್ಡಿರೋರು. ನಮ್ ಮಾತ್ನ ಯಾರ್ ಕೇಳ್ತಾರೆ?"

ಒಳಗಿನಿಂದ ಅಕ್ಕ ಬಂದಳು. "ಅಪ್ಪ, ನಾನ್ ಬರಲ್ಲ" ಎಂದಳು.

"ಬರಲ್ಲ ಅಂದ್ರೆ?"

"ಪರೀಕ್ಷೆ ಬರ್ದು ಬತ್ತೀನಿ. ನಾನೇನ್ ತಪ್ ಮಾಡಿವ್ನಿ?"

"ನೀನ್ ತಪ್ ಮಾಡಿದ್ದೀಯ ಅಂತ ನಾನ್ ಏಳುದ್ನಾ ಮಗ?" ಎಂದ. ಟವಲಿನಿಂದ ಮುಖ ಒರೆಸಿಕೊಂಡ. ಅದನ್ನು ಕಂಡು ಅವಳೇ ಹೋಗಿ ಟ್ರಂಕು ತಂದಳು. ಚಿಕ್ಕ ಮಕ್ಕಳು ಕಂಬಕ್ಕೆ ಒರಗಿ ನೋಡುತ್ತಿದ್ದರು. ಅಪ್ಪ ಟ್ರಂಕನ್ನು ಹೆಗಲ ಮೇಲಿಟ್ಟುಕೊಂಡ, ಅವಳು ಪುಸ್ತಕದ ಚೀಲ ಹಿಡಿದುಕೊಂಡಳು. "ಪರೀಕ್ಷೆಗಾದರೂ ಕರೆತನ್ನಿ" ಎಂದು ಎರಡು ಸಲ ಹೇಳಿದೆ. ಅವನು ಟ್ರಂಕಿನ ಭಾರ ಸರಿಮಾಡಿಕೊಂಡು ಮುಂದೆ ನಡೆದ.

ಯಾರ ಸಲುವಾಗಿ ಇಷ್ಟೆಲ್ಲ ಶುರುವಾಯಿತೋ ಅವಳೇ ಇರಲಿಲ್ಲ. ಮಾರನೆಯ ಬೆಳಿಗ್ಗೆ ಏಳುವುದಕ್ಕೆ ಮನಸ್ಸಿರಲಿಲ್ಲ. ಆದರೆ ಹುಲ್ಲಹಳ್ಳಿ ಕಡೆಯ ಇಬ್ಬರು ಹೆಂಗಸರು ಮೊದಲ ಬಸ್ಸಿಗೆ ಬಂದು ಅಂಗಳದಲ್ಲಿ ಕೂತಿದ್ದರು. ಎದ್ದೆ.

ನಡೆದೆವು. ಸಾಮಿಲ್ಲಿನ ಮುಂದೆ ಹುಡುಗರು ಇದ್ದರು. ಹೆಂಗಸರು ಬೈಯಲಿಲ್ಲ, ಜಗಳ ಕಾಯಲಿಲ್ಲ. ದಿಮ್ಮಿಗಳ ಮುಂದೆ ನಿಂತುಕೊಂಡು, ಕೊನೆಯ ಮಗು ದಾಟುವ ತನಕ ಆ ಹುಡುಗರ ಮುಖವನ್ನೇ ನೋಡಿದರು. ಒಬ್ಬಾಕೆ ಕೇಳಿದಳು, "ಯಾರ್ ಮಕ್ಳಪ್ಪ ನೀವು? ಊಟ ಆಯ್ತಾ?" ಎಂದು. ದಿನಾ ಬೇರೆ ಬೇರೆ ಹೆಂಗಸರು, ದಿನಾ ಅದೇ ಪ್ರಶ್ನೆ. ಮೊದಲ ವಾರ ಹುಡುಗರು ನಕ್ಕರು. ಎರಡನೆಯ ವಾರ ಮೂವರಿದ್ದರು. ಆಮೇಲೆ ಮಾಲೀಕರ ಮಗ ಒಬ್ಬನೇ ಗಾಡಿಯ ಮೇಲೆ ಕೂತಿರುತ್ತಿದ್ದ, ನಮ್ಮನ್ನು ಕಂಡ ಕೂಡಲೆ ಸ್ಟಾರ್ಟ್ ಮಾಡಿಕೊಂಡು ಹೋಗುತ್ತಿದ್ದ. ಅವನಿಗೆ ಶಿಕ್ಷೆಯೇನೂ ಆಗಲಿಲ್ಲ.

ಬೀಳುವುದು ಒಂದೇ ಸಲಕ್ಕೆ ನಿಲ್ಲಲಿಲ್ಲ. ವಾರಕ್ಕೊಬ್ಬಳು, ಇಬ್ಬರು ಬೀಳುತ್ತಿದ್ದರು. ಪಕ್ಕದಲ್ಲಿ ಕೂತು, ಕೈ ಹಿಡಿದು, ಎದ್ದ ಮೇಲೆ ಊಟ ಹಾಕಿ ಕಳಿಸುತ್ತಿದ್ದೆವು. ಯಾರೂ ಗುಂಪು ಸೇರುತ್ತಿರಲಿಲ್ಲ. ನಿಂಬೆಹಣ್ಣು ಒಣಗಿ ಕಪ್ಪಾದಾಗ ಅಡುಗೆಯಮ್ಮನೇ ಅದನ್ನು ಬಿಚ್ಚಿ ತಿಪ್ಪೆಗೆ ಹಾಕಿದರು. ಅಧಿಕಾರಿ ಕೊಟ್ಟ ಒಂದು ವಾರ ಮುಗಿದು ಎಷ್ಟೋ ದಿನವಾಗಿತ್ತು. ಅವರು ಕರೆಯಲಿಲ್ಲ, ನಾನೂ ಹೋಗಲಿಲ್ಲ.

ಕರೆದದ್ದು ಕಟ್ಟಡದ ಮಾಲೀಕರು. ಅಂಗಡಿಯಲ್ಲಿ ಕೂರಿಸಿ ಕಾಫಿ ತರಿಸಿದರು. "ಹುಡುಗಾಟದ ವಯಸ್ಸು ಮೇಡಂ. ನೀವು ಪೊಲೀಸ್ ತನಕ ಹೋಗ್ಬಾರದಿತ್ತು" ಎಂದರು. ಬೇಸಿಗೆ ಕಳೆದ ಮೇಲೆ ಕಟ್ಟಡ ತಮಗೆ ಬೇಕು, ಬಿಟ್ಟುಕೊಡಿ ಎಂದರು. ನಾನು ಕಾಫಿ ಮುಟ್ಟಲಿಲ್ಲ. ಮಕ್ಕಳು ಶಾಲೆ ಬಿಡುವ ಹೊತ್ತಾಗಿತ್ತು, ಎದ್ದು ಬಂದೆ.

ಪರೀಕ್ಷೆಯ ಮೊದಲ ದಿನ ನಮ್ಮ ಮಕ್ಕಳನ್ನು ಕೇಂದ್ರಕ್ಕೆ ಬಿಟ್ಟು ಗೇಟಿನ ಹತ್ತಿರ ನಿಂತಿದ್ದೆ. ಅಕ್ಕ ಬರುತ್ತಾಳೆ ಎಂಬ ಆಸೆ ಬಿಟ್ಟಿದ್ದೆ. ಬೆಲ್ ಹೊಡೆಯುವುದಕ್ಕೆ ಸ್ವಲ್ಪ ಮುಂಚೆ ಅವಳ ಅಪ್ಪ ಸೈಕಲ್ ತುಳಿದುಕೊಂಡು ಬಂದ. ಹಿಂದಿನ ಕ್ಯಾರಿಯರ್ ಮೇಲೆ ಅವಳು ಕೂತಿದ್ದಳು. ಬಸ್ಸು ತಪ್ಪಿತಂತೆ, ಅಷ್ಟು ದೂರವೂ ತುಳಿದಿದ್ದ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅವಳು ನನ್ನ ಕಡೆ ನೋಡಿ ಒಳಗೆ ಓಡಿದಳು, ಮಾತಿಗೆ ಹೊತ್ತಿರಲಿಲ್ಲ. ಅವನು ಸೈಕಲ್ಲನ್ನು ಹೊಂಗೆ ಮರಕ್ಕೆ ಒರಗಿಸಿ ಕೆಳಗೆ ಕೂತ. ಪರೀಕ್ಷೆ ಮುಗಿಯುವ ತನಕ ಅಲ್ಲಿಂದ ಏಳಲಿಲ್ಲ. ಎಲ್ಲ ಪರೀಕ್ಷೆಗೂ ಕರೆತಂದು ಹೀಗೇ ಕಾದ. ಒಂದು ದಿನ ನೀರು ಕೊಟ್ಟೆ, ತೆಗೆದುಕೊಂಡ.

ಆ ಬೇಸಿಗೆಯಲ್ಲಿ ಹಾಸ್ಟೆಲ್ಲನ್ನು ಶಾಲೆಗೆ ಸ್ವಲ್ಪ ಹತ್ತಿರದ ಇನ್ನೊಂದು ಕಟ್ಟಡಕ್ಕೆ ಸಾಗಿಸಿದೆವು. ಚಿಕ್ಕದು, ನೀರಿಗೆ ತೊಂದರೆ. ನನಗೆ ತಿ. ನರಸೀಪುರಕ್ಕೆ ವರ್ಗ ಕೇಳಿಕೊಳ್ಳುವ ಅವಕಾಶವೂ ಇತ್ತು. ಅತ್ತೆಯವರು ಕೇಳಿಕೋ ಎಂದರು. ಮಗಳು ತನ್ನ ನೋಟುಪುಸ್ತಕದಿಂದ ಒಂದು ಹಾಳೆ ಹರಿದುಕೊಟ್ಟಳು. ಮನಸ್ಸು ಮಾಡಿ ಅರ್ಜಿ ಬರೆದಿದ್ದೆ, ಕೊಟ್ಟಿರಲಿಲ್ಲ.

ಜೂನ್ ಮೊದಲ ವಾರ ಹೊಸ ಮಕ್ಕಳು ಸೇರುವ ದಿನ. ಹಳೆಯ ಮಕ್ಕಳಲ್ಲಿ ಅರ್ಧದಷ್ಟು ಜನ ವಾಪಸು ಬಂದಿದ್ದರು. ಹಣೆಗೆ ಹೊಲಿಗೆ ಬಿದ್ದಿದ್ದ ಹುಡುಗಿ ಬರಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲಿ ಅಕ್ಕನ ಅಪ್ಪ ನಿಂತಿದ್ದ. ಜೊತೆಗೆ ಎಂಟನೇ ತರಗತಿಯ ಒಂದು ಹುಡುಗಿ, ಅದೇ ಮುಖ, ಎತ್ತರ ಮಾತ್ರ ಕಡಿಮೆ.

"ದೊಡ್ಡವಳು ಪಾಸಾದ್ಲು ಅಮ್ಮಾವ್ರೇ. ಉಲ್ಲಳ್ಳಿ ಕಾಲೇಜ್ಗೆ ಸೇರ್ಸಿವ್ನಿ. ಸಂದೆಗೆ ನಾನೇ ಓಗಿ ಕರ್ಕ ಬತ್ತೀನಿ" ಎಂದ. ಆಮೇಲೆ ಚಿಕ್ಕವಳನ್ನು ಭುಜ ಹಿಡಿದು ಸ್ವಲ್ಪ ಮುಂದಕ್ಕೆ ತಂದ. "ಇವ್ಳು ಎರಡ್ನೇವ್ಳು. ಸೇರುಸ್ಕಳಿ. ಆದ್ರೆ ಸ್ಕೂಲ್ಗೆ ನೀವೇ ಕರ್ಕೊಂಡೋಗ್ಬೇಕು. ನೀವು ಇರ್ತೀರಿ ತಾನೆ?"

ನಾನು ಸುಸ್ತಾಗಿದ್ದೆ. ಆವತ್ತು ಬೆಳಗಿನಿಂದ ಕೂತೂ ಇರಲಿಲ್ಲ. ಅವನು ಉತ್ತರಕ್ಕೆ ಕಾಯುತ್ತಾ ನಿಂತಿದ್ದ, ಹುಡುಗಿ ನನ್ನನ್ನು ನೋಡುತ್ತಿದ್ದಳು.

"ಇರ್ತೀನಿ" ಎಂದೆ. ಟ್ರಂಕನ್ನು ಅವನು ಒಂದು ಕಡೆ ಹಿಡಿದ, ನಾನು ಇನ್ನೊಂದು ಕಡೆ ಹಿಡಿದು ಒಳಗೆ ತಂದೆವು.